‘ಜಮೀನು ಉಳಿಸಿಕೊಡ್ತೀವಿ’ ಅಂದವರನ್ನು ಕೇಳಬೇಕಾದ ಪ್ರಶ್ನೆ: ಯಾವ ಕಡತ?

ಮೂಡಿಗೆರೆಯಿಂದ ಸಕಲೇಶಪುರದವರೆಗೆ, ಶೃಂಗೇರಿಯಿಂದ ಆಲೂರಿನವರೆಗೆ ಯಾವ ಪಕ್ಷದ ಸಭೆಗೆ ಹೋದರೂ ಒಂದು ಮಾತು ಇದ್ದೇ ಇರುತ್ತದೆ: ‘ನಿಮ್ಮ ಒಂದು ಗುಂಟೆ ಜಮೀನನ್ನೂ ಯಾರೂ ಮುಟ್ಟೋಕೆ ಬಿಡಲ್ಲ.’ ಚಪ್ಪಾಳೆಯೂ ಇದ್ದೇ ಇರುತ್ತದೆ. ಆದರೆ ಮಲೆನಾಡಿನಲ್ಲಿ ‘ಜಮೀನಿನ ಸಮಸ್ಯೆ’ ಅನ್ನುವುದು ಒಂದು ಸಮಸ್ಯೆಯ ಹೆಸರಲ್ಲ. ಬಗರ್‌ಹುಕುಂ (ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನಿನಲ್ಲಿ ಮಾಡಿಕೊಂಡ ಸಾಗುವಳಿ) ಒಂದು, ಅರಣ್ಯ ಕಾಯ್ದೆಯ ಸೆಕ್ಷನ್ ನಾಲ್ಕು ಇನ್ನೊಂದು, ಡೀಮ್ಡ್ ಅರಣ್ಯ ಮತ್ತೊಂದು, ಕಸ್ತೂರಿರಂಗನ್ ವರದಿ ಮಗದೊಂದು. ಒಂದರ ಕಡತ ತಾಲ್ಲೂಕು ಕಚೇರಿಯಲ್ಲಿದ್ದರೆ ಇನ್ನೊಂದರದು ಉಪವಿಭಾಗಾಧಿಕಾರಿ ಹತ್ತಿರ, ಮತ್ತೊಂದರದು ದೆಹಲಿಯಲ್ಲಿ. ಭಾಷಣದಲ್ಲಿ ಮಾತ್ರ ನಾಲ್ಕನ್ನೂ ಕಲಸಿ ಒಂದೇ ಉಂಡೆ ಮಾಡಿ ಬಡಿಸುತ್ತಾರೆ. ಉಂಡೆ ಮಾಡಿದರೆ ಭಾಷಣ ಮಾಡಿದವರಿಗೆ ಲಾಭ: ಕೆಲಸ ಆಗದಿದ್ದಾಗ ರಾಜ್ಯದವರು ಕೇಂದ್ರದ ಕಡೆ, ಕೇಂದ್ರದವರು ರಾಜ್ಯದ ಕಡೆ, ಇಬ್ಬರೂ ಸೇರಿ ಕೋರ್ಟ್ ಕಡೆ ಕೈ ತೋರಿಸಬಹುದು.

ಹೆಚ್ಚು ಗದ್ದಲ ಎಬ್ಬಿಸುವ, ಆದರೆ ಸಣ್ಣ ಹಿಡುವಳಿದಾರನ ಬೇಲಿಗೆ ಎಲ್ಲಕ್ಕಿಂತ ಕಡಿಮೆ ತಾಗುವ ಕಡತವನ್ನು ಮೊದಲು ಮುಗಿಸಿಬಿಡೋಣ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸಿದ ಕಸ್ತೂರಿರಂಗನ್ ಸಮಿತಿ ವರದಿ ಕೊಟ್ಟಿದ್ದು 2013ರಲ್ಲಿ. ಅದರ ಮೇಲೆ ಕೇಂದ್ರದ ಮೊದಲ ಕರಡು ಅಧಿಸೂಚನೆ ಬಂದಿದ್ದು 2014ರ ಮಾರ್ಚ್‌ನಲ್ಲಿ, ಆರನೆಯದು 2024ರ ಜುಲೈ 31ರಂದು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಆ ವರ್ಷ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಅದನ್ನು ತಿರಸ್ಕರಿಸಿತು. ಕರಡಿನಲ್ಲಿ ನಿಷೇಧಿಸಿರುವುದು ಗಣಿಗಾರಿಕೆ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ ಕೆಂಪು ವರ್ಗದ ಕಾರ್ಖಾನೆ, 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡ, 50 ಹೆಕ್ಟೇರ್ ಮತ್ತು ಅದಕ್ಕೂ ದೊಡ್ಡ ಟೌನ್‌ಶಿಪ್. ಕಾಫಿ ಕೊಯ್ಯಬಾರದು, ಗದ್ದೆ ನಾಟಿ ಮಾಡಬಾರದು, ಜಮೀನು ಮಾರಬಾರದು, ಊರು ಬಿಡಬೇಕು ಎಂದು ಅದರಲ್ಲಿ ಎಲ್ಲೂ ಇಲ್ಲ. ವರದಿಯನ್ನು ವಿರೋಧಿಸಲು ನ್ಯಾಯವಾದ ಕಾರಣಗಳು ಬೇರೆ ಇವೆ. ಗ್ರಾಮದ ವಿಸ್ತೀರ್ಣದಲ್ಲಿ ಶೇಕಡ 20ರಷ್ಟು ಸೂಕ್ಷ್ಮ ಪ್ರದೇಶ ಕಂಡರೆ ಇಡೀ ಗ್ರಾಮವೇ ಪಟ್ಟಿಗೆ ಸೇರುತ್ತದೆ. ನೆರಳು ಮರ ದಟ್ಟವಾಗಿರುವ ಕಾಫಿ ತೋಟ ಉಪಗ್ರಹದ ಕಣ್ಣಿಗೆ ಕಾಡಿನ ಹಾಗೆಯೇ ಕಾಣುತ್ತದೆ ಎಂಬ ಆಕ್ಷೇಪವೂ ಮೊದಲಿನಿಂದ ಇದೆ. ಇದನ್ನು ಸರ್ವೆ ನಂಬರ್ ಸಮೇತ ಬರೆದು ಸಲ್ಲಿಸಲು ಪ್ರತಿ ಕರಡಿಗೂ 60 ದಿನ ಇರುತ್ತದೆ. ಆ 60 ದಿನ ಮೆರವಣಿಗೆಯಲ್ಲೇ ಕಳೆದುಹೋಗುತ್ತದೆ. ರಾಜಕೀಯಕ್ಕೆ ಇದಕ್ಕಿಂತ ಅನುಕೂಲದ ವಿಷಯ ಇನ್ನೊಂದಿಲ್ಲ. ವಿರೋಧಿಸಿದರೆ ಊರಲ್ಲಿ ಯಾರೂ ಮುನಿಸಿಕೊಳ್ಳುವುದಿಲ್ಲ, ಕಡತವೂ ಇಲ್ಲಿಲ್ಲ.

ಶಾಸಕರ ಕೈಯಲ್ಲಿ ನಿಜವಾಗಿ ಇರುವ ಕಡತ ಬಗರ್‌ಹುಕುಂ. ಅದನ್ನೇ ಹಿಡಿದು ಕೇಳಬೇಕು.

ಈ ಸಾಗುವಳಿಯನ್ನು ಸಕ್ರಮ ಮಾಡಿಸಿಕೊಳ್ಳಲು ಮೂರು ಅರ್ಜಿ ನಮೂನೆಗಳಿವೆ: ಕರ್ನಾಟಕ ಭೂಕಂದಾಯ ಕಾಯ್ದೆ 1964ರ 94ಎ ಕಲಮಿನಡಿ ನಮೂನೆ 50, 94ಬಿ ಅಡಿ ನಮೂನೆ 53, ಆಮೇಲೆ 2018ರ ತಿದ್ದುಪಡಿಯಿಂದ ಬಂದ ನಮೂನೆ 57. ಮೊದಲೆರಡಕ್ಕೆ 1990ರ ಏಪ್ರಿಲ್ 14ಕ್ಕೆ ಮುಂಚಿನ ಸಾಗುವಳಿ ಬೇಕು, 57ಕ್ಕೆ 2005ರ ಜನವರಿ 1ಕ್ಕೆ ಮುಂಚಿನದು. ಅರ್ಜಿದಾರನ ಸ್ವಂತ ಜಮೀನೂ ಸೇರಿ ಒಟ್ಟು 4 ಎಕರೆ 38 ಗುಂಟೆ ದಾಟಬಾರದು. ತೀರ್ಮಾನ ಮಾಡುವುದು ಕ್ಷೇತ್ರದ ಬಗರ್‌ಹುಕುಂ ಸಮಿತಿ. ಸಾಮಾನ್ಯವಾಗಿ ಅದಕ್ಕೆ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಸದಸ್ಯ ಕಾರ್ಯದರ್ಶಿ. ಅಂದರೆ ವೇದಿಕೆಯ ಮೇಲೆ ‘ಅಧಿಕಾರಿಗಳು ಕೆಲಸ ಮಾಡ್ತಿಲ್ಲ’ ಎಂದು ಗುಡುಗುವವರು ಅದೇ ಸಮಿತಿಯ ಅಧ್ಯಕ್ಷರಾಗಿರಬಹುದು. ಕೇಳಬೇಕಾದ ಪ್ರಶ್ನೆ ಸರಳ: ಈ ವರ್ಷ ಸಮಿತಿ ಎಷ್ಟು ಸಲ ಸೇರಿತು? ಪ್ರತಿ ಸಭೆಯಲ್ಲಿ ಎಷ್ಟು ಅರ್ಜಿ ಮಂಡನೆಯಾಯಿತು? ಎಷ್ಟು ಮಂಜೂರು, ಎಷ್ಟು ವಜಾ, ವಜಾಕ್ಕೆ ಕಾರಣ ಏನು? ಇದೆಲ್ಲ ನಡವಳಿ ಪುಸ್ತಕದಲ್ಲಿ ಇರುತ್ತದೆ, ಗುಟ್ಟೇನಲ್ಲ.

ಅರ್ಜಿ ಸಾಗುವ ದಾರಿ ಹೀಗೆ. ಮೊದಲು ಗ್ರಾಮ ಆಡಳಿತ ಅಧಿಕಾರಿ, ಅಂದರೆ ಹಳೆಯ ಗ್ರಾಮ ಲೆಕ್ಕಿಗರು, ಸ್ಥಳಕ್ಕೆ ಬಂದು ಮೊಬೈಲ್ ಆ್ಯಪ್‌ನಲ್ಲಿ ಜಮೀನಿನ ಸುತ್ತ ನಡೆದು ಗಡಿ ಗುರುತಿಸುತ್ತಾರೆ. ಅದನ್ನು ಹಳೆಯ ಉಪಗ್ರಹ ಚಿತ್ರದ ಜೊತೆ ಹೋಲಿಸಿ ಆ ಕಾಲದಲ್ಲಿ ಅಲ್ಲಿ ಸಾಗುವಳಿ ಇತ್ತೇ ಎಂದು ನೋಡುತ್ತಾರೆ. ರಾಜಸ್ವ ನಿರೀಕ್ಷಕರ ವರದಿ, ಸರ್ವೆಯವರ ನಕ್ಷೆ ಆದ ಮೇಲೆ ಕಡತ ಸಮಿತಿಯ ಮುಂದೆ ಬರುತ್ತದೆ. ಸಮಿತಿ ಒಪ್ಪಿದರೆ ಸಾಗುವಳಿ ಚೀಟಿ, ಅಂದರೆ ಮಂಜೂರಾತಿ ಪತ್ರ, ಆಮೇಲೆ ಖಾತೆ, ಪೋಡಿ (ಅಳತೆ ಮಾಡಿ ನಿಮ್ಮ ತುಂಡನ್ನು ದಾಖಲೆಯಲ್ಲಿ ಬೇರೆ ಮಾಡುವುದು). ಸಾಗುವಳಿ ಚೀಟಿ ಕೈಗೆ ಬಂದ ದಿನ ಸಿಹಿ ಹಂಚಿ ಅಲ್ಲಿಗೇ ನಿಲ್ಲಿಸಿದವರ ಕಥೆ ಇಪ್ಪತ್ತು ವರ್ಷದ ಮೇಲೆ ಗೊತ್ತಾಗುತ್ತದೆ: ಪಹಣಿಯ 9ನೇ ಕಾಲಂನಲ್ಲಿ ಇನ್ನೂ ‘ಸರ್ಕಾರ’ ಎಂದೇ ಇರುತ್ತದೆ, ಪೋಡಿ ಆಗಿರುವುದಿಲ್ಲ, ಬ್ಯಾಂಕಿನವರು ಸಾಲ ಕೊಡುವುದಿಲ್ಲ. ಚೀಟಿ, ಖಾತೆ, ಪೋಡಿ ಮೂರೂ ಆದರೆ ಮಾತ್ರ ಜಮೀನು ನಿಮ್ಮದು.

ಅರ್ಜಿ ಬೀಳುವುದು ಎಲ್ಲಿ? ಬಹುಪಾಲು ಇವೇ ಕಾರಣಗಳು. ನಿಗದಿತ ದಿನಕ್ಕೆ ಅರ್ಜಿದಾರನಿಗೆ 18 ವರ್ಷ ತುಂಬಿರಲಿಲ್ಲ. ಮಗನ ಹೆಸರಲ್ಲಿ ಹಾಕಿದ ಅರ್ಜಿಗಳೆಲ್ಲ ಇಲ್ಲೇ ಮುಗ್ಗರಿಸುತ್ತವೆ. ಒಂದೇ ಮನೆಯಿಂದ ಮೂರು ನಾಲ್ಕು ಅರ್ಜಿ ಬಂದಿದೆ. ಜಮೀನು ಕೆರೆ ಅಂಗಳದಲ್ಲೋ ದಾರಿ ಖರಾಬಿನಲ್ಲೋ ಇದೆ. ಗೋಮಾಳವಾಗಿದ್ದರೆ ಊರಿನ 100 ಜಾನುವಾರಿಗೆ 30 ಎಕರೆಯಂತೆ ಮೀಸಲಿಟ್ಟು ಉಳಿದದ್ದನ್ನಷ್ಟೇ ಕೊಡಬಹುದು. ದನ ಕಟ್ಟುವವರು ಕಡಿಮೆಯಾದರೂ ಗೋಮಾಳವೂ ಅಷ್ಟೇ ಕರಗಿರುವುದರಿಂದ ಉಳಿಕೆ ಕಾಣುವುದೇ ಇಲ್ಲ. ಪಟ್ಟಣದ ಹತ್ತಿರದ ಜಮೀನಿಗೂ ಅವಕಾಶವಿಲ್ಲ. ಊರು ದೊಡ್ಡದಾದಷ್ಟೂ ಈ ದೂರದ ಮಿತಿ ಹೆಚ್ಚುತ್ತದೆ. ಹಾಸನ ನಗರಸಭೆಯನ್ನು ಮಹಾನಗರ ಪಾಲಿಕೆ ಮಾಡುವ ಸಂಭ್ರಮದಲ್ಲಿ ಸುತ್ತಲಿನ ಹಳ್ಳಿಗಳ ಬಗರ್‌ಹುಕುಂ ಅರ್ಜಿಗಳ ಬಗ್ಗೆ ಎಷ್ಟು ಜನ ಬಾಯಿ ಬಿಟ್ಟರು, ನೀವೇ ಎಣಿಸಿ. ಕೊನೆಯದು, ಮಲೆನಾಡಿನಲ್ಲಿ ಎಲ್ಲಕ್ಕಿಂತ ದೊಡ್ಡದು: ಕಂದಾಯದ್ದು ಎಂದುಕೊಂಡ ಜಮೀನು ಅರಣ್ಯದ ಪಟ್ಟಿಯಲ್ಲೂ ಇದೆ.

ಇಲ್ಲಿಂದ ಸೆಕ್ಷನ್ ನಾಲ್ಕು ಶುರು.

ಕರ್ನಾಟಕ ಅರಣ್ಯ ಕಾಯ್ದೆ 1963ರಲ್ಲಿ ಒಂದು ಪ್ರದೇಶ ಮೀಸಲು ಅರಣ್ಯ ಆಗಬೇಕಾದರೆ ಮೆಟ್ಟಿಲುಗಳಿವೆ. ಸೆಕ್ಷನ್ 4ರ ಅಧಿಸೂಚನೆ ಎಂದರೆ ‘ಇಲ್ಲಿ ಮೀಸಲು ಅರಣ್ಯ ಮಾಡುವ ಉದ್ದೇಶವಿದೆ’ ಎಂಬ ಘೋಷಣೆ. ಜೊತೆಗೆ ಒಬ್ಬ ಅರಣ್ಯ ವ್ಯವಸ್ಥಾಪನಾಧಿಕಾರಿಯನ್ನು ನೇಮಿಸಬೇಕು. ಆ ದಿನದಿಂದ ಸೆಕ್ಷನ್ 5 ಜಾರಿ: ಹೊಸದಾಗಿ ಹಕ್ಕು ಹುಟ್ಟುವುದಿಲ್ಲ, ಹೊಸದಾಗಿ ಕಡಿದು ಸಾಗುವಳಿ ಮಾಡುವಂತಿಲ್ಲ. ಸೆಕ್ಷನ್ 6ರಲ್ಲಿ ಊರೂರಿಗೆ ಕನ್ನಡದಲ್ಲಿ ಪ್ರಕಟಣೆ ಕೊಟ್ಟು, ಹಕ್ಕು ಹೇಳಿಕೊಳ್ಳಲು ಕಡಿಮೆಯೆಂದರೆ ಮೂರು ತಿಂಗಳು ಕೊಡಬೇಕು. ಆಮೇಲೆ ವಿಚಾರಣೆ. ಹಕ್ಕು ಒಪ್ಪಿದರೆ ಆ ಜಮೀನನ್ನು ಗಡಿಯಿಂದ ಹೊರಗಿಡಬಹುದು, ಇಲ್ಲವೇ ಪರಿಹಾರ ಕೊಟ್ಟು ಸ್ವಾಧೀನ ಮಾಡಿಕೊಳ್ಳಬಹುದು. ಎಲ್ಲ ಮುಗಿದ ಮೇಲೆ ಸೆಕ್ಷನ್ 17ರ ಅಂತಿಮ ಅಧಿಸೂಚನೆ.

ಚಿಕ್ಕಮಗಳೂರು ಜಿಲ್ಲೆಯಲ್ಲಿ ಎಷ್ಟೋ ಕಡೆ ನಾಲ್ಕನೇ ಮೆಟ್ಟಿಲು ಹತ್ತಿ ದಶಕಗಳಾದರೂ ಹದಿನೇಳನೆಯದು ಸಿಕ್ಕಿಲ್ಲ. ಕಾರಣ ಹುಡುಕಿದರೆ ಸಿಗುವುದು ಸಂಚಲ್ಲ, ಸೋಮಾರಿತನ. ವ್ಯವಸ್ಥಾಪನಾಧಿಕಾರಿಯ ಕೆಲಸವನ್ನು ಸಾಮಾನ್ಯವಾಗಿ ಉಪವಿಭಾಗಾಧಿಕಾರಿಗೇ ಅಂಟಿಸುತ್ತಾರೆ. ಚಿಕ್ಕಮಗಳೂರು ಜಿಲ್ಲೆಗೆ ಅಂಥವರು ಇಬ್ಬರು, ಒಬ್ಬರು ಚಿಕ್ಕಮಗಳೂರಿನಲ್ಲಿ, ಇನ್ನೊಬ್ಬರು ತರೀಕೆರೆಯಲ್ಲಿ. ಹಾಸನದಲ್ಲೂ ಇಬ್ಬರೇ, ಹಾಸನ ಮತ್ತು ಸಕಲೇಶಪುರ. ಚುನಾವಣೆ, ಅತಿವೃಷ್ಟಿ, ಪಿಟಿಸಿಎಲ್ (ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ) ಪ್ರಕರಣ, ಖಾತೆ ಮೇಲ್ಮನವಿ, ರಸ್ತೆಗೆ ಭೂಸ್ವಾಧೀನ ಇದೆಲ್ಲ ಮಾಡಿ ಉಳಿದ ಹೊತ್ತಿನಲ್ಲಿ ಸಾವಿರಾರು ಎಕರೆಯ ಹಕ್ಕು ವಿಚಾರಣೆ ಮಾಡಬೇಕು. ಎರಡು ವರ್ಷಕ್ಕೆ ವರ್ಗಾವಣೆ. ಹೊಸಬರು ಬಂದರೆ ಕಡತ ಮೊದಲ ಪುಟದಿಂದ.

ಈ ಮಧ್ಯೆ ಕಂದಾಯ ಇಲಾಖೆ ಸುಮ್ಮನಿರಲಿಲ್ಲ. ಅಧಿಸೂಚನೆಯಾದ ಸರ್ವೆ ನಂಬರಿನಲ್ಲೇ ಜಮೀನು ಮಂಜೂರು ಮಾಡಿತು, ಖಾತೆ ಮಾಡಿತು, ಕಂದಾಯ ಕಟ್ಟಿಸಿಕೊಂಡಿತು. ಅದೇ ಗಡಿಯೊಳಗೆ ಶಾಲೆ, ಅಂಗನವಾಡಿ, ರಸ್ತೆ, ಸ್ಮಶಾನ ಎಲ್ಲ ಎದ್ದವು. ಈಗ ಅರಣ್ಯ ಇಲಾಖೆ ‘ಇಂಡೀಕರಣ’ ಮಾಡಿಸುತ್ತಿದೆ, ಅಂದರೆ ಅಧಿಸೂಚಿತ ಜಮೀನಿನ ಪಹಣಿಯಲ್ಲಿ ತನ್ನ ಹೆಸರು ಕೂರಿಸುತ್ತಿದೆ. ಒಂದು ಬೆಳಿಗ್ಗೆ ಪಹಣಿ ತೆಗೆಸಿದರೆ 9ನೇ ಕಾಲಂ ಅಥವಾ 11ನೇ ಕಾಲಂನಲ್ಲಿ ಅರಣ್ಯ ಎಂದಿರುತ್ತದೆ. 9ರಲ್ಲಿ ಬಂದರೆ ಮಾಲೀಕತ್ವಕ್ಕೇ ಪೆಟ್ಟು. 11ರಲ್ಲಿ ಬಂದರೆ ಋಣ–ಹಕ್ಕುಗಳ ಟಿಪ್ಪಣಿ, ಅದಕ್ಕೂ ಬ್ಯಾಂಕಿನವರು ಸಾಲ ನಿಲ್ಲಿಸುತ್ತಾರೆ.

‘ಸೆಕ್ಷನ್ ನಾಲ್ಕು ರದ್ದು ಮಾಡಿಸ್ತೀವಿ’ ಎಂಬ ಭರವಸೆ ಏಕೆ ಪೊಳ್ಳು ಎಂದರೆ, ರಾಜ್ಯದ ಕೈ 1980ರ ಅಕ್ಟೋಬರ್ 25ರಿಂದಲೇ ಕಟ್ಟಿದೆ. ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯವನ್ನು ಬೇರೆ ಬಳಕೆಗೆ ಬಿಡಲು ಕೇಂದ್ರದ ಪೂರ್ವಾನುಮತಿ ಬೇಕು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾಲೀಕತ್ವ ಯಾರದೇ ಇರಲಿ, ಸರ್ಕಾರಿ ದಾಖಲೆಯಲ್ಲಿ ಅರಣ್ಯ ಎಂದಿದ್ದರೆ ಅದಕ್ಕೂ ಈ ಕಾಯ್ದೆ ಅನ್ವಯ ಎಂದಿತು. ಹಾಗಾಗಿ ಶಾಸಕರಿಂದಲೂ ಆಗದು, ಜಿಲ್ಲಾಧಿಕಾರಿಯಿಂದಲೂ ಆಗದು, ಸಂಪುಟ ಒಂದೇ ನಿರ್ಣಯ ಮಾಡಿದರೂ ಆಗದು. ದೆಹಲಿಗೆ ಹೋಗದೆ ತೆರೆಯಬಹುದಾದ ಬಾಗಿಲು ಒಂದೇ: ಸೆಕ್ಷನ್ 4ಕ್ಕೆ ಮುಂಚೆಯೇ ನಿಮಗೆ ಹಕ್ಕಿತ್ತು ಎಂದು ವ್ಯವಸ್ಥಾಪನಾಧಿಕಾರಿಯ ಮುಂದೆ ದಾಖಲೆ ಇಟ್ಟು ಆದೇಶ ಪಡೆಯುವುದು. ರಾಜ್ಯ ಸರ್ಕಾರ ಪ್ರಾಮಾಣಿಕವಾಗಿ ಮಾಡಬಹುದಾದ ಕೆಲಸವೂ ಒಂದೇ: ಬೇರೆ ಹೊರೆ ಇಲ್ಲದ ಪೂರ್ಣಾವಧಿ ವ್ಯವಸ್ಥಾಪನಾಧಿಕಾರಿಯನ್ನು ಸರ್ವೆಯರ್ ತಂಡದ ಜೊತೆ ಕೊಡುವುದು. ಶಾಸಕರಿಂದ ಕೇಳಿ ಪಡೆಯಬಹುದಾದ್ದು ಇದು. ಆದರೆ ಹುದ್ದೆ ಕೇಳಿದರೆ ಚಪ್ಪಾಳೆ ಬೀಳುವುದಿಲ್ಲ.

ಡೀಮ್ಡ್ ಅರಣ್ಯದ ಕಥೆ ಗೋದಾವರ್ಮನ್ ತೀರ್ಪಿನ ಇನ್ನೊಂದು ಕವಲು. ದಾಖಲೆಯಲ್ಲಿ ಅರಣ್ಯ ಅಲ್ಲದಿದ್ದರೂ ನಿಘಂಟಿನ ಅರ್ಥದಲ್ಲಿ ಕಾಡಾಗಿದ್ದರೆ ಅದೂ ಅರಣ್ಯ. ರಾಜ್ಯ ಮೊದಲು ಇಂಥ 9.94 ಲಕ್ಷ ಹೆಕ್ಟೇರ್ ಪಟ್ಟಿ ಮಾಡಿತ್ತು. ಮರುಪರಿಶೀಲನೆಯ ನಂತರ 2022ರಲ್ಲಿ ಅದನ್ನು 3.30 ಲಕ್ಷ ಹೆಕ್ಟೇರ್‌ಗೆ ಇಳಿಸಿತು. ಕೈಬಿಟ್ಟ ಆರೂವರೆ ಲಕ್ಷ ಹೆಕ್ಟೇರ್ ತೋರಿಸಿ ‘ಡೀಮ್ಡ್ ಸಮಸ್ಯೆ ಮುಗೀತು’ ಎಂದವರು ಒಂದು ಹೆಜ್ಜೆ ಬೇಗ ಇಟ್ಟರು. 2023ರಲ್ಲಿ ಕೇಂದ್ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದಿತು. ಅದನ್ನು ಪ್ರಶ್ನಿಸಿದ ಪ್ರಕರಣದಲ್ಲಿ 2024ರ ಫೆಬ್ರವರಿ 19ರಂದು ಸುಪ್ರೀಂ ಕೋರ್ಟ್, ಸದ್ಯಕ್ಕೆ ಹಳೆಯ ನಿಘಂಟಿನ ಅರ್ಥವನ್ನೇ ಪಾಲಿಸಿ ಎಂದು ಮಧ್ಯಂತರ ಆದೇಶ ಕೊಟ್ಟಿತು. ನಿಮ್ಮ ಸರ್ವೆ ನಂಬರ್ 3.30 ಲಕ್ಷದ ಪಟ್ಟಿಯಲ್ಲಿದೆಯೋ ಇಲ್ಲವೋ ಎಂದು ಗ್ರಾಮವಾರು ಪಟ್ಟಿಯಲ್ಲಿ ನೋಡಿಕೊಳ್ಳಿ. ಪೂರ್ತಿ ಸರ್ವೆ ನಂಬರೋ ಅದರ ಭಾಗವೋ ಎಂಬುದೂ ಮುಖ್ಯ.

ಕಾಫಿ ಬೆಳೆಗಾರರಿಗೆ ಇನ್ನೊಂದು ಗೊಂದಲ ಇದೆ, ಗುತ್ತಿಗೆಯದು. ಒತ್ತುವರಿ ಮಾಡಿ ತೋಟ ಮಾಡಿರುವ ಸರ್ಕಾರಿ ಕಂದಾಯ ಭೂಮಿಯನ್ನು 25 ಎಕರೆ ಮೀರದಂತೆ 30 ವರ್ಷಕ್ಕೆ ಗುತ್ತಿಗೆ ಕೊಡಲು ಭೂಕಂದಾಯ ಕಾಯ್ದೆಗೆ ತಿದ್ದುಪಡಿ ಬಂದಿದೆ. ಇದು ಸಕ್ರಮ ಅಲ್ಲ. ಗುತ್ತಿಗೆಗೆ ಅರ್ಜಿ ಹಾಕಿದಿರಿ ಎಂದರೆ ಜಮೀನು ಸರ್ಕಾರದ್ದು ಎಂದು ನೀವೇ ಬರೆದುಕೊಟ್ಟ ಹಾಗೆ. ಅದೇ ತುಂಡಿಗೆ ನಮೂನೆ 57 ಬಾಕಿ ಇದ್ದರೆ ವಕೀಲರನ್ನು ಕೇಳದೆ ಸಹಿ ಹಾಕಬೇಡಿ. ಅರಣ್ಯದ ಪಟ್ಟಿಯಲ್ಲಿರುವ ಜಮೀನಿಗೆ ಈ ಗುತ್ತಿಗೆ ಸಿಗುವುದೂ ಇಲ್ಲ.

ಅರಣ್ಯ ಹಕ್ಕು ಕಾಯ್ದೆ 2006ನ್ನು ಎಲ್ಲರ ನೋವಿಗೂ ಮುಲಾಮಿನ ಹಾಗೆ ಹಚ್ಚುವ ಚಾಳಿಯೂ ಇದೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಸಾಗುವಳಿ ತೋರಿಸಿದರೆ ಸಾಕು. ಉಳಿದವರು ಅದರ ಜೊತೆಗೆ 75 ವರ್ಷ, ಅಂದರೆ 1930ರಿಂದ, ಕುಟುಂಬ ಅಲ್ಲಿ ವಾಸವಿದ್ದು ಕಾಡನ್ನು ಅವಲಂಬಿಸಿತ್ತು ಎಂದು ತೋರಿಸಬೇಕು. ಅದೇ ತುಂಡು ಜಮೀನನ್ನು 75 ವರ್ಷ ಉತ್ತಿರಬೇಕು ಎಂದು ಕಾಯ್ದೆ ಹೇಳುವುದಿಲ್ಲ. ಆದರೆ ಎಷ್ಟೋ ಅರ್ಜಿ ಹಾಗೆ ತಪ್ಪಾಗಿ ಓದಿಯೇ ವಜಾ ಆಗಿವೆ. ಊರಿನ ಹಿರಿಯರ ಲಿಖಿತ ಹೇಳಿಕೆಯೂ ಸಾಕ್ಷ್ಯ, ಆದರೆ ಅದೊಂದೇ ಸಾಲದು, ಕನಿಷ್ಠ ಎರಡು ಬಗೆಯ ಸಾಕ್ಷ್ಯ ಬೇಕು. ಮೊದಲ ಹೆಜ್ಜೆ ಗ್ರಾಮ ಸಭೆ, ಆಮೇಲೆ ಉಪವಿಭಾಗ ಮಟ್ಟದ ಸಮಿತಿ, ಕೊನೆಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿ. ಉಪವಿಭಾಗ ಸಮಿತಿ ವಜಾ ಮಾಡಿದರೆ 60 ದಿನದೊಳಗೆ ಜಿಲ್ಲಾ ಸಮಿತಿಗೆ ಹೋಗಬೇಕು. ಈ ಸಮಿತಿಗಳಲ್ಲಿ ಪಂಚಾಯಿತಿ ಪ್ರತಿನಿಧಿಗಳಿಗೂ ಜಾಗ ಇದೆ. ಆದರೆ ತಾಲ್ಲೂಕು, ಜಿಲ್ಲಾ ಪಂಚಾಯಿತಿಗೆ ಚುನಾವಣೆ ನಡೆದದ್ದು 2016ರಲ್ಲಿ, 2021ಕ್ಕೆ ಅವಧಿ ಮುಗಿದು ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಕೂತರು. ಚುನಾವಣೆ ಮುಂದೂಡಿದ್ದಕ್ಕೆ ಬೆಂಗಳೂರಿನಲ್ಲಿ ಏನೇನೋ ಲೆಕ್ಕಾಚಾರ ಇರಬಹುದು. ಇಲ್ಲಿ ಅದರ ಅರ್ಥ, ಅರ್ಜಿ ವಜಾ ಮಾಡುವ ಮೇಜಿನ ಸುತ್ತ ಊರಿನ ಪರ ಮಾತಾಡುವ ಕುರ್ಚಿ ಖಾಲಿ.

ಈಚಿನ ಬೆಳವಣಿಗೆ ಒಂದಿದೆ, ವೇದಿಕೆಗಳಲ್ಲಿ ಯಾರೂ ಎತ್ತದ್ದು. 2025ರ ಮೇ 15ರಂದು ಪುಣೆಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಸೂಚನೆ ಕೊಟ್ಟಿತು: ಕಂದಾಯ ಇಲಾಖೆಯ ವಶದಲ್ಲಿರುವ ಮೀಸಲು ಅರಣ್ಯವನ್ನು ಅರಣ್ಯೇತರ ಉದ್ದೇಶಕ್ಕೆ ಖಾಸಗಿಯವರಿಗೆ ಕೊಟ್ಟಿದ್ದಾರೆಯೇ ಎಂದು ವಿಶೇಷ ತನಿಖಾ ತಂಡ ಮಾಡಿ ಪರಿಶೀಲಿಸಿ, ಕೊಟ್ಟಿದ್ದರೆ ಹಿಂಪಡೆಯಿರಿ, ಆಗದಿದ್ದರೆ ಬೆಲೆ ವಸೂಲು ಮಾಡಿ. ಅಂದರೆ ಹಿಂದೆ ಸಾಗುವಳಿ ಚೀಟಿ ಸಿಕ್ಕಿದವರೂ ನಿಶ್ಚಿಂತರಲ್ಲ. ಚೀಟಿ ಕೊಟ್ಟ ದಿನ ಆ ಸರ್ವೆ ನಂಬರ್ ಅರಣ್ಯವಾಗಿತ್ತೇ ಎಂಬುದೇ ಪ್ರಶ್ನೆ. ಸಮಿತಿಯ ಮೇಲೆ ಒತ್ತಡ ತಂದು ಅರಣ್ಯದ ಅಭಿಪ್ರಾಯ ಪಡೆಯದೆ ಅವಸರದಲ್ಲಿ ಮಂಜೂರು ಮಾಡಿಸಿಕೊಂಡವರಿಗೇ ಇದರ ಬಿಸಿ ಹೆಚ್ಚು.

ಹಾಗಾದರೆ ಕೈಯಲ್ಲಿ ಏನಿರಬೇಕು? ಎಲ್ಲಕ್ಕಿಂತ ಮೊದಲು ನೀವು ಯಾವ ಕಡತದಲ್ಲಿದ್ದೀರಿ ಎಂದು ತಿಳಿಯಬೇಕು. ಜಮೀನಿನಲ್ಲಿ ನಿಂತು ಮೊಬೈಲಿನ ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರ್ ತಿಳಿಯುತ್ತದೆ. ಮರದ ನೆರಳಲ್ಲಿ ಜಿಪಿಎಸ್ ಹತ್ತಾರು ಮೀಟರ್ ಆಚೀಚೆ ತೋರಿಸುವುದರಿಂದ ಗಡಿ ಜಗಳಕ್ಕೆ ಅದನ್ನು ಸಾಕ್ಷಿ ಮಾಡಬೇಡಿ, ನಂಬರ್ ತಿಳಿಯಲು ಮಾತ್ರ ಸಾಕು. ಆ ನಂಬರಿನ ಇಂದಿನ ಪಹಣಿ ಜೊತೆಗೆ ‘ಭೂಮಿ’ ಯೋಜನೆಯಲ್ಲಿ ಪಹಣಿ ಗಣಕೀಕರಣವಾಗುವ ಮುಂಚಿನ ಕೈಬರಹದ ಪಹಣಿಗಳನ್ನು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ದೃಢೀಕರಿಸಿ ತೆಗೆಸಿ. 12ನೇ ಕಾಲಂನಲ್ಲಿ ತಂದೆ, ತಾತನ ಹೆಸರು ಸಾಗುವಳಿದಾರ ಎಂದು ಬಂದಿದ್ದರೆ ಅದಕ್ಕಿಂತ ಗಟ್ಟಿ ಕಾಗದ ಅಪರೂಪ. ಒತ್ತುವರಿ ಸಾಗುವಳಿಗೆ ಹಾಕುತ್ತಿದ್ದ ಹಳೇ ಟಿಟಿ ದಂಡದ ರಸೀದಿ ಬೀರುವಿನಲ್ಲಿದ್ದರೆ ಇವತ್ತೇ ಜೆರಾಕ್ಸ್ ಮಾಡಿಸಿ. ಮಲೆನಾಡಿನ ಮಳೆಗಾಲಕ್ಕೆ ಆ ಮಸಿ ನಿಲ್ಲುವುದಿಲ್ಲ. ಸರ್ವೆ ಇಲಾಖೆಯಿಂದ ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಟಿಪ್ಪಣಿ (ಅಳತೆಯ ಮೂಲ ದಾಖಲೆ), ಗ್ರಾಮ ನಕ್ಷೆ ತೆಗೆಸಿ.

ಅರಣ್ಯದ ಕಡೆಯದಕ್ಕೆ ಮಾಹಿತಿ ಹಕ್ಕು ಅರ್ಜಿಯೇ ದಾರಿ. ಉಪ ಅರಣ್ಯ ಸಂರಕ್ಷಣಾಧಿಕಾರಿ ಕಚೇರಿಯ ಮಾಹಿತಿ ಅಧಿಕಾರಿಗೆ, 10 ರೂಪಾಯಿ ಪೋಸ್ಟಲ್ ಆರ್ಡರ್ ಜೊತೆ. ಬಿಪಿಎಲ್ ಕಾರ್ಡ್ ಇದ್ದರೆ ಶುಲ್ಕ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇರುವುದರಿಂದ ಗೋಳು ತೋಡಿಕೊಳ್ಳಬೇಡಿ, ದಾಖಲೆ ಮಾತ್ರ ಕೇಳಿ: ‘ಇಂಥ ಗ್ರಾಮದ ಸರ್ವೆ ನಂಬರ್ ಇಷ್ಟಕ್ಕೆ ಸಂಬಂಧಿಸಿದ ಸೆಕ್ಷನ್ 4ರ ಅಧಿಸೂಚನೆ, ಅದರ ಗಡಿ ವಿವರ, ನಕ್ಷೆ, ಸೆಕ್ಷನ್ 17 ಆಗಿದ್ದರೆ ಅದರ ಪ್ರತಿ.’ ‘ನನ್ನ ಜಮೀನು ಅರಣ್ಯವೇ?’ ಎಂದು ಕೇಳಿದರೆ ಅಭಿಪ್ರಾಯ ಕೊಡಲು ಬರುವುದಿಲ್ಲ ಎಂದು ವಾಪಸ್ ಕಳಿಸುತ್ತಾರೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ. ವಿಚಾರಣೆಯ ನಡವಳಿಗಳಿಗೆ ಉಪವಿಭಾಗಾಧಿಕಾರಿ ಕಚೇರಿಗೆ ಇನ್ನೊಂದು ಅರ್ಜಿ ಹಾಕಿ. ಅಧಿಸೂಚನೆ ಕೈಗೆ ಬಂದ ಮೇಲೆ ಗಡಿ ವಿವರವನ್ನು ಹಳೇ ಊರಿನವರ ಜೊತೆ ಕೂತು ಓದಬೇಕು. ‘ಹಳ್ಳದ ಎಡದಂಡೆ’, ‘ದೊಡ್ಡ ಹಲಸಿನ ಮರ’ ಎಂಬಂಥ ಗುರುತುಗಳನ್ನು ಬಲ್ಲವರು ಕಡಿಮೆಯಾಗುತ್ತಿದ್ದಾರೆ.

ಅಷ್ಟರಲ್ಲಿ ಅರಣ್ಯ ಕಾಯ್ದೆಯ 64ಎ ಕಲಮಿನ ನೋಟಿಸ್ ಬಂದರೆ? ಒತ್ತುವರಿ ತೆರವಿಗೆ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಅಥವಾ ಅವರಿಗಿಂತ ಮೇಲಿನವರು ಕೊಡುವ ನೋಟಿಸ್ ಇದು, ಅಹವಾಲು ಹೇಳಲು ಅವಕಾಶ ಕೊಡಲೇಬೇಕು. ‘ಮೂರು ಎಕರೆ ಒಳಗಿನವರನ್ನ ಮುಟ್ಟಲ್ಲ ಅಂತ ಮಂತ್ರಿಗಳೇ ಹೇಳಿದ್ದಾರೆ’ ಎಂದು ಸುಮ್ಮನಿರುವವರು ಬಹಳ. ಬಾಯಿಮಾತಿನ ಭರವಸೆಯನ್ನು ನ್ಯಾಯಾಲಯದಲ್ಲಿ ತೋರಿಸಲು ಬರುವುದಿಲ್ಲ. ನೋಟಿಸ್ ತೆಗೆದುಕೊಳ್ಳಲು ನಿರಾಕರಿಸುವುದು ಅದಕ್ಕಿಂತ ದೊಡ್ಡ ತಪ್ಪು: ಬಾಗಿಲಿಗೆ ಅಂಟಿಸಿ, ಇಬ್ಬರು ಪಂಚರ ಸಹಿ ಹಾಕಿಸಿ ಮಹಜರು ಬರೆದರೆ ಜಾರಿಯಾದಂತೆಯೇ, ದಿನದ ಎಣಿಕೆ ಅಲ್ಲಿಂದಲೇ ಶುರು. ನೋಟಿಸ್ ತಗೊಂಡು, ಬಂದ ದಿನಾಂಕವನ್ನು ಅದರ ಮೇಲೇ ಬರೆದು, ಪಹಣಿ, ರಸೀದಿ, ಬಾಕಿ ಇರುವ ನಮೂನೆ 57ರ ಸ್ವೀಕೃತಿ ಪ್ರತಿ ಇಟ್ಟು ಲಿಖಿತ ಉತ್ತರ ಕೊಡಿ. ಕಚೇರಿಯಲ್ಲಿ ಕೊಟ್ಟರೆ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ, ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ ರಸೀದಿಯನ್ನು ನೋಟಿಸಿನ ಬೆನ್ನಿಗೆ ಪಿನ್ ಮಾಡಿಡಿ.